ಹುಣ್ಣಿಮೆಯ ಹಿಂದಿನ ದಿನ

ನಾನು ಮಲಗುತ್ತಿದ್ದದ್ದು ಒಂದು ಕೆರೆಯ ಹಿಂಬದಿಯಲ್ಲಿ. ಗುಂಡ್ಲುಪೇಟೆಯಲ್ಲಿ ಹೆದ್ದಾರಿಗೆ ಮುಖಮಾಡಿದ್ದ ನಮ್ಮ ಮನೆಯ ಮುಂದಿನ ಕೋಣೆಯೇ ಅಪ್ಪನ ಫೋಟೊ ಸ್ಟುಡಿಯೊ. ಅದಕ್ಕೂ ನಡುಮನೆಗೂ ಮಧ್ಯೆ ಗೋಡೆ ಇರಲಿಲ್ಲ. ಸೂರಿನಿಂದ ನೆಲದವರೆಗೆ ಇಳಿಬಿಟ್ಟ ಒಂದು ಪರದೆ ಇತ್ತು. ಗಿರಾಕಿಗಳಿಗೆ ಕಾಣುವ ಬದಿಯಲ್ಲಿ ಒಂದು ಕೆರೆ, ದಡದಲ್ಲಿ ಎರಡು ಮರ, ಮೇಲೆ ಊಟದ ತಟ್ಟೆಯಷ್ಟು ದೊಡ್ಡ ಚಂದ್ರ. ನಮಗೆ ಕಾಣುವ ಬದಿಯಲ್ಲಿ ಬಣ್ಣ ಇಂಗಿ ಮೂಡಿದ ಕಂದು ಕಲೆಗಳು ಮಾತ್ರ. ಅಜ್ಜಿಯೂ ನಾನೂ ಆ ಕಲೆಗಳ ಪಕ್ಕದಲ್ಲೇ ಚಾಪೆ ಹಾಸಿಕೊಳ್ಳುತ್ತಿದ್ದೆವು. ಈರುಳ್ಳಿ, ತರಕಾರಿ ತುಂಬಿಕೊಂಡು ಕೇರಳದ ಕಡೆಗೆ ಹೋಗುವ ಲಾರಿಗಳು ಮನೆಯ ಮುಂದೆ ಹಾದಾಗಲೆಲ್ಲ ಪರದೆ ಅಲುಗಾಡಿ, ಆ ಬದಿಯ ಕೆರೆಯಲ್ಲಿ ಅಲೆ ಏಳುತ್ತಿದ್ದಿರಬೇಕು. ಮದುವೆಯಾದ ಹೊಸತರಲ್ಲಿ ಗಂಡಹೆಂಡಿರು ಬಂದು ಆ ಕೆರೆಯ ಮುಂದೆ ಬಿಗಿಯಾಗಿ ನಿಂತುಕೊಳ್ಳುತ್ತಿದ್ದರು. ಅವರು ನಗುವಂತೆ ಅಪ್ಪ ಏನೇನೋ ಹೇಳುತ್ತಿದ್ದಾಗ ಪರದೆಯ ಈಚೆಗೆ ನಾವು ಸದ್ದಿಲ್ಲದೆ ಊಟ ಮಾಡಬೇಕಾಗಿತ್ತು. ತಟ್ಟೆ ಸದ್ದಾಗದಂತೆ ಉಣ್ಣುವುದನ್ನು ನಾನು ಕಲಿತದ್ದು ಹಾಗೆ. ಜನ ಅದನ್ನು ನನ್ನ ಸ್ವಭಾವ ಎನ್ನುತ್ತಾರೆ.

ಆ ಪರದೆಯಲ್ಲಿ ಒಂದು ತಪ್ಪಿತ್ತು. ಆಕಾಶದಲ್ಲಿ ಚಂದ್ರ ಬಲಕ್ಕಿದ್ದ, ನೀರಿನಲ್ಲಿ ಅವನ ಬಿಂಬ ಎಡಕ್ಕಿತ್ತು. ಹಿತ್ತಲಿನ ನೀರಿನ ತೊಟ್ಟಿಯಲ್ಲಿ ಎಷ್ಟೋ ಸಲ ಚಂದ್ರನನ್ನು ನೋಡಿದ್ದ ನನಗೆ ಅದು ಸಾಧ್ಯವಿಲ್ಲವೆಂದು ಗೊತ್ತಿತ್ತು. ತೊಟ್ಟಿಯ ಸುತ್ತ ಎಲ್ಲಿ ನಿಂತರೂ ನೀರಿನ ಚಂದ್ರ ಮೇಲಿನ ಚಂದ್ರನ ನೇರಕ್ಕೇ ಬರುತ್ತಿದ್ದ. ಇದನ್ನು ಅಪ್ಪನಿಗೆ ತೋರಿಸಿದೆ.

"ಅಪ್ಪಾ, ಚಂದ್ರ ಈ ಕಡೆ ಅವ್ನೆ. ನೀರಲ್ಲಿ ಆ ಕಡೆ ಕಾಣ್ತಾವ್ನೆ. ಅದೆಂಗೆ?"

"ಬಲಗಡೆ ಗಂಡು ನಿಂತ್ಕತಾನೆ ಕಣಮ್ಮಿ. ನೇರಕ್ಕೇ ಬರ್ದಿದ್ರೆ ನೀರಿನ ಚಂದ್ರನ ಮೇಲೆ ಅವನ ಪಂಚೆ ಬತ್ತಿತ್ತು. ಎಡಗಡೆ ಖಾಲಿ ಇತ್ತು, ಅಲ್ಲಿ ಬರ್ಸುದೆ."

ಉತ್ತರ ಸರಿಯಾಗಿಯೇ ಇತ್ತು. ನನಗೆ ಸಮಾಧಾನವಾಗಲಿಲ್ಲ.

ಮನೆಯ ಬಚ್ಚಲೇ ಅಪ್ಪನ ಕತ್ತಲಕೋಣೆ. ಬಣ್ಣದ ಫೋಟೊಗಳೆಲ್ಲ ಆಗಲೇ ಮೈಸೂರಿನ ಲ್ಯಾಬಿಗೆ ಹೋಗತೊಡಗಿದ್ದವು. ಕಪ್ಪುಬಿಳುಪಿನವನ್ನು ಮಾತ್ರ ಅಪ್ಪ ಮನೆಯಲ್ಲಿಯೇ ತೊಳೆಯುತ್ತಿದ್ದರು. ಹಂಡೆಯ ಪಕ್ಕದ ಕಲ್ಲಿನ ಮೇಲೆ ಮೂರು ಟ್ರೇ, ಮಾಡಿನ ಕೆಳಗೆ ಕೆಂಪು ಬಲ್ಬು, ಬಾಗಿಲ ಸಂದಿಗೆ ತುರುಕಿದ ಗೋಣಿಚೀಲ. ಅಪ್ಪ ಒಳಗೆ ಸೇರಿಕೊಂಡರೆ ಅವ್ವ ಹೊರಗೆ ಬಿಂದಿಗೆ ಹಿಡಿದು ನಿಲ್ಲುತ್ತಿದ್ದಳು.

"ಇನ್ನೆಷ್ಟೊತ್ತು? ಮಗೀಗೆ ಇಸ್ಕೂಲಿಗೆ ಹೊತ್ತಾಯ್ತಾ ಅದೆ."

"ಈಗ ಬಾಗ್ಲು ತಗುದ್ರೆ ಸಂತೆಮರಳ್ಳಿ ಮದುವೆಯೆಲ್ಲ ಕಪ್ಪಾಗ್ಬುಡ್ತದೆ ಕಣೆ."

"ಆಗ್ಲಿ ಬುಡಿ. ನನ್ ಮದುವೆ ಫೋಟೊನೇ ಕಪ್ಪಾಗಿ ಅದೆ, ಯಾರು ಕೇಳುದ್ರು?"

ತೊಳೆದ ಫೋಟೊಗಳು ಹಿತ್ತಲ ತಂತಿಯ ಮೇಲೆ ಅವ್ವನ ಸೀರೆಗಳ ನಡುವೆ ಒಣಗುತ್ತಿದ್ದವು. ಫೋಟೊ ತೊಳೆಯುವ ಹೈಪೋದ ವಾಸನೆ ಹುರುಳಿ ಸಾರಿಗೂ ಹತ್ತಿದೆಯೆಂದು ಅಜ್ಜಿ ವಾರಕ್ಕೊಮ್ಮೆಯಾದರೂ ದೂರುತ್ತಿದ್ದಳು, ದೂರುತ್ತಲೇ ಎರಡನೆಯ ಸಲ ಸಾರು ಬಡಿಸಿಕೊಳ್ಳುತ್ತಿದ್ದಳು.

ಈರುಳ್ಳಿ ಮಂಡಿಯ ನಂಜಪ್ಪ ಸೌಕಾರರು ಪ್ರತಿ ವರ್ಷ ತಮ್ಮ ರೈತರಿಗೆ ಕ್ಯಾಲೆಂಡರ್ ಹಂಚುತ್ತಿದ್ದರು. ಅದರ ಮೇಲಿನ ಚಿತ್ರ ಅಪ್ಪನದು. ಚಾಮರಾಜನಗರದ ಪ್ರೆಸ್ಸೊಂದು ಅದನ್ನು ಒಂದೇ ನೀಲಿ ಬಣ್ಣದಲ್ಲಿ ಅಚ್ಚುಹಾಕುತ್ತಿತ್ತು. ನಾನು ಹತ್ತನೆಯ ತರಗತಿಗೆ ಬರುವ ಹಿಂದಿನ ವರ್ಷ ಸೌಕಾರರು ಕೆರೆಯ ಮೇಲಿನ ಚಂದ್ರ ಬೇಕೆಂದರು. ಅಪ್ಪ ನಡುಮಧ್ಯಾಹ್ನ ಕೆರೆಯ ಫೋಟೊ ತೆಗೆದು ತಂದು, ಅಚ್ಚಿಳಿಸುವಾಗ ಕಪ್ಪು ಹೆಚ್ಚಿಸಿ, ಆಕಾಶವಿರುವ ಕಡೆ ಕರಿಕಾಗದದ ಒಂದು ಬಿಲ್ಲೆ ಇಟ್ಟರು. ಬಿಲ್ಲೆಯ ಕೆಳಗೆ ಬೆಳಕು ತಾಕದೆ ಕಾಗದ ಬೆಳ್ಳಗೇ ಉಳಿದು ಚಂದ್ರನಾಯಿತು. ಬೇರೆಬೇರೆ ಅಳತೆಯ ಅಂಥ ಬಿಲ್ಲೆಗಳನ್ನು ಅಪ್ಪ ಅಜ್ಜಿಯ ಹಳೆಯ ಕುಂಕುಮದ ಭರಣಿಯಲ್ಲಿ ಇಟ್ಟುಕೊಂಡಿದ್ದರು. ಆ ಕ್ಯಾಲೆಂಡರ್ ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ತೂಗಾಡಿತು, ನಮ್ಮ ಅಡುಗೆಮನೆಯಲ್ಲೂ. ಇಡೀ ವರ್ಷ ಪ್ರತಿ ಊಟದಲ್ಲೂ ಅದು ನನ್ನ ಎದುರಿಗಿತ್ತು. ಮರಗಳ ನೆರಳು ಮಧ್ಯಾಹ್ನದಂತೆ ಬುಡದಲ್ಲೇ ಮುದುಡಿದ್ದವು. ನೀರಿನಲ್ಲಿ ಚಂದ್ರ ಇರಲೇ ಇಲ್ಲ.

"ನೀರಲ್ಲಿ ಕಾಣ್ದೆ ಇರೋದು ಚಂದ್ರ ಅಲ್ಲ, ದೆವ್ವ ಕಣಮ್ಮಿ," ಎಂದು ಅಜ್ಜಿ ನಕ್ಕಳು. ನನಗೆ ನಗು ಬರಲಿಲ್ಲ.

ಮರುವರ್ಷ ದಸರಾ ಕಳೆದ ಮೇಲೆ ಸೌಕಾರರು ಮತ್ತೆ ಅದನ್ನೇ ಕೇಳಿಕಳಿಸಿದರು: ಚಂದ್ರ, ಕೆರೆ, ಆದರೆ ಹೊಸದು. ಅಂದು ಊಟದ ಹೊತ್ತಿನಲ್ಲಿ ನಾನು ಬಾಯಿಬಿಟ್ಟೆ.

"ಈ ಸಲ ನಾನು ತೆಗೀತೀನಿ. ನಿಜವಾದ್ದು."

ಅಪ್ಪ ಮುದ್ದೆ ಮುರಿಯುತ್ತಲೇ ಹೇಳಿದರು. "ಚಂದ್ರ ಫೋಟೊಕ್ಕೆ ಬರಾಕಿಲ್ಲ ಕಣಮ್ಮಿ. ಎಲ್ರೂ ಆಮೇಲೇ ಇಡೋದು."

"ಬರಿಸ್ತೀನಿ."

"ಎಸ್ಸೆಲ್ಸಿ ಓದೋ ಹುಡ್ಗಿ," ಎಂದಳು ಅವ್ವ. "ಕ್ಯಾಮೆರಾ ಅಂತೆ, ಕೆರೆ ಅಂತೆ."

ಅಪ್ಪ ಕರಾರು ಹೇಳಿದರು. ಕ್ಯಾಲೆಂಡರ್ ಪ್ರೆಸ್ಸಿಗೆ ಹೋಗುವುದರೊಳಗೆ ಒಂದೇ ಫೋಟೊದಲ್ಲಿ ಚಂದ್ರನೂ ನೀರೂ ಬರಬೇಕು, ಅದನ್ನು ಸೌಕಾರರು ಒಪ್ಪಬೇಕು. ಹಾಗಾದರೆ ಹಳೆಯ ಕ್ಯಾಮೆರಾ ನನ್ನದು. ಇಲ್ಲದಿದ್ದರೆ ಅದು ಬೀರುವಿನೊಳಕ್ಕೆ. ಪರೀಕ್ಷೆ ಮುಗಿಯುವವರೆಗೆ ಕೇಳುವಂತಿಲ್ಲ.

"ಮುಗುದ್ ಮೇಲೂ ಕೇಳಂಗಿಲ್ಲ," ಎಂದು ಅವ್ವ ಸೇರಿಸಿದಳು.

ಅವಳ ಮಾತಿಗೆ ಅರ್ಥವಿತ್ತು. ಪರೀಕ್ಷೆ ಮುಗಿದ ಮೇಲೆ ನನ್ನನ್ನು ಚಾಮರಾಜನಗರದ ಸೋದರಮಾವನ ಮನೆಯಲ್ಲಿ ಬಿಟ್ಟು ಕಾಲೇಜಿಗೆ ಸೇರಿಸುವುದೆಂದು ಆಗಲೇ ತೀರ್ಮಾನವಾಗಿತ್ತು. ಮಾವನ ಮನೆಯಲ್ಲಿ ಹೆಣ್ಣುಮಕ್ಕಳು ಕ್ಯಾಮೆರಾ ನೇತುಹಾಕಿಕೊಂಡು ತಿರುಗುವುದು ನಡೆಯುತ್ತಿರಲಿಲ್ಲ. ಈ ಸಲ ಬೀರು ಸೇರಿದರೆ ಅದು ನನ್ನ ಪಾಲಿಗೆ ಮತ್ತೆ ಹೊರಬರುವುದಿಲ್ಲ. ನಾನು ಕರಾರಿಗೆ ಒಪ್ಪಿದೆ.

ಅದು ಎರಡು ಕಣ್ಣಿನ ಪೆಟ್ಟಿಗೆ ಕ್ಯಾಮೆರಾ. ಕೊರಳಿಗೆ ಹಾಕಿಕೊಂಡು ಮೇಲಿನಿಂದ ಬಗ್ಗಿ ನೋಡಬೇಕು. ಗಾಜಿನ ಮೇಲೆ ಎಡಬಲ ಅದಲುಬದಲಾಗಿ ಕಾಣುತ್ತದೆ. ಹಿಂಬದಿಯಲ್ಲಿ ಒಂದು ಸಣ್ಣ ಕೆಂಪು ಕಿಂಡಿ, ಎಷ್ಟನೆಯ ಫೋಟೊ ಎಂಬ ಅಂಕೆ ಅದರಲ್ಲಿ ಮೂಡುತ್ತದೆ. ಒಂದು ರೋಲಿಗೆ ಹನ್ನೆರಡೇ ಫೋಟೊ. ನನಗೆಂದು ಬೇರೆ ಫಿಲಂ ಇರಲಿಲ್ಲ. ಗಿರಾಕಿಗಳ ಕೆಲಸ ಮುಗಿದು ರೋಲಿನ ಕೊನೆಯಲ್ಲಿ ಉಳಿದದ್ದು ನನ್ನದು. ಕ್ಯಾಮೆರಾ ನನ್ನ ಕೈಗೆ ಬಂದಾಗಲೆಲ್ಲ ಆ ಕಿಂಡಿಯಲ್ಲಿ ಹನ್ನೊಂದು ಅಥವಾ ಹನ್ನೆರಡು ಇರುತ್ತಿತ್ತು. ತಪ್ಪಿದರೆ ಇನ್ನೊಂದು ರೋಲು ಮುಗಿಯುವವರೆಗೆ ಕಾಯಬೇಕು.

ಚಂದ್ರನ ಫೋಟೊ ಎಂದರೆ ಹುಣ್ಣಿಮೆಯ ದಿನವೇ ಎಂದು ನಾವೆಲ್ಲ ನಂಬಿದ್ದೆವು. ಆದರೆ ಹುಣ್ಣಿಮೆ ನಮ್ಮ ಮನೆಯಲ್ಲಿ ಅಜ್ಜಿಯ ದಿನ. ಅಂದು ಮುಸ್ಸಂಜೆ ಮನೆದೇವರ ಮುಂದೆ ದೀಪ ಹಚ್ಚಿ, ಎಡೆ ಇಟ್ಟು, ಎಲ್ಲರೂ ಹಿತ್ತಲಿಗೆ ಬಂದು ಚಂದ್ರನಿಗೆ ಕೈಮುಗಿಯುವವರೆಗೆ ಮನೆಯವರು ಯಾರೂ ಹೊಸಿಲು ದಾಟುವಂತಿರಲಿಲ್ಲ. ಅಪ್ಪ ಕೂಡ ಸ್ಟುಡಿಯೊದ ಬಾಗಿಲು ಮುಂದೆ ಮಾಡಿಕೊಂಡು ಬರುತ್ತಿದ್ದರು. ಮೊದಲ ಹುಣ್ಣಿಮೆಯಂದು ಇದೆಲ್ಲ ಮುಗಿದ ಮೇಲೆ ಅಪ್ಪ ನನ್ನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಚಾಮರಾಜನಗರದ ರಸ್ತೆಯಲ್ಲಿರುವ ಕೆರೆಗೆ ಕರೆದುಕೊಂಡು ಹೋದರು. ಅಷ್ಟರಲ್ಲಿ ಕತ್ತಲಾಗಿತ್ತು. ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ನಿಲ್ಲಿಸಿ ಎರಡು ಫೋಟೊ ತೆಗೆದೆ. ಮೊದಲನೆಯದರಲ್ಲಿ ಕರಿಯ ಕಾಗದಕ್ಕೆ ಗುಂಡುಪಿನ್ನು ಚುಚ್ಚಿದಂತೆ ಒಂದು ಬಿಳಿ ಚುಕ್ಕೆ. ಕೆರೆಯೂ ಇಲ್ಲ, ಮರವೂ ಇಲ್ಲ. ಎರಡನೆಯದರಲ್ಲಿ ನೀರು ಕಾಣಲೆಂದು ಕ್ಯಾಮೆರಾದ ಶಟರನ್ನು ಬಹಳ ಹೊತ್ತು ತೆರೆದಿಟ್ಟಿದ್ದೆ. ನೀರು ಮಸುಕಾಗಿ ಬಂದಿತ್ತು, ಚಂದ್ರ ಮಾತ್ರ ಹಲಸಿನ ಬೀಜದಂತೆ ಉದ್ದವಾಗಿದ್ದ. ಕ್ಯಾಮೆರಾ ಅಲುಗಿರಲಿಲ್ಲ. ನಾವು ನಿಂತಿದ್ದೆವು, ಅವನು ನಡೆದಿದ್ದ.

"ನಾನು ಹೇಳ್ನಿಲ್ವಾ?" ಎಂದರು ಅಪ್ಪ.

ನಾನು ಸೂರ್ಯನ ಕಡೆಗೆ ತಿರುಗಿದೆ. ಅಷ್ಟು ಬೆಳಕಿರುವವನನ್ನು ನೀರಿನ ಜೊತೆ ಹಿಡಿಯಲು ಸಾಧ್ಯವಾದರೆ ಚಂದ್ರನೂ ಸಿಗುತ್ತಾನೆಂದು ನನ್ನ ಲೆಕ್ಕ. ಒಂದು ಭಾನುವಾರ ಮೊದಲ ಬಸ್ಸಿಗೆ ಅಜ್ಜಿಯನ್ನು ಕರೆದುಕೊಂಡು ಅದೇ ಕೆರೆಯ ಏರಿಗೆ ಹೋದೆ. ಏರಿ ಕೆರೆಯ ಪಡುವಲ ಬದಿಗಿದ್ದುದರಿಂದ ಹುಟ್ಟುವ ಸೂರ್ಯ ನೇರ ನೀರಿನ ಮೇಲೇ ಬರುತ್ತಿದ್ದ. ಫೋಟೊದಲ್ಲಿ ಅವನಿದ್ದ ಕಡೆಯಿಂದ ಅಡ್ಡಲಾಗಿ ಮಣಿಸರದಂಥ ಬಿಳಿಯ ಮಚ್ಚೆಗಳು ಇಳಿದಿದ್ದವು. ಲೆನ್ಸಿನೊಳಗೆ ಬೆಳಕು ಪುಟಿದಾಡಿದ ಗುರುತು ಅದು. ಉಳಿದದ್ದೆಲ್ಲ ಮಸಿ. ಅಪ್ಪ ನೆಗೆಟಿವನ್ನು ಕಿಟಕಿಗೆ ಹಿಡಿದು ನೋಡಿ, ಬೆಳಕಿನ ಮೀಟರನ್ನು ನನ್ನ ಕೈಗೆ ಕೊಟ್ಟರು. "ಅವನಿಗೇ ಅಳತೆ ಹಿಡುದ್ರೆ ಮಿಕ್ಕಿದ್ದೆಲ್ಲ ಸತ್ತೋಯ್ತದೆ. ಎರಡುಕ್ಕೂ ಹಿಡ್ದು ನೋಡು, ಎಷ್ಟು ದೂರ ಅವೆ ಗೊತ್ತಾಯ್ತದೆ."

ಆ ಮೀಟರು ಹಿಡಿದುಕೊಂಡು ನಾನು ಮನೆಯೆಲ್ಲ ಅಳೆದೆ. ಸುಣ್ಣದ ಗೋಡೆ, ಬೂದಿ, ಅವ್ವನ ಕಪ್ಪು ಸೀರೆ, ಬಿಸಿಲಿನಲ್ಲಿ ಬಿದ್ದ ಹಿತ್ತಲಿನ ಕಲ್ಲು. ವಿಜ್ಞಾನದ ಪಾಠದಲ್ಲಿ ಓದಿದ್ದ ಒಂದು ಮಾತು ಆಗ ಅರ್ಥವಾಯಿತು. ಚಂದ್ರ ದೀಪವಲ್ಲ, ಬಿಸಿಲಿನಲ್ಲಿ ಬಿದ್ದಿರುವ ಕಲ್ಲು. ನಮಗೆ ಕತ್ತಲಾಗಿದ್ದರೂ ಅವನ ಮೇಲೆ ಬೀಳುತ್ತಿರುವುದು ಹಗಲೇ. ಹಿತ್ತಲಿನ ಕಲ್ಲಿಗೆ ಶಟರು ಎಷ್ಟು ಹೊತ್ತು ತೆರೆದಿರಬೇಕೋ ಅವನಿಗೂ ಸುಮಾರು ಅಷ್ಟೇ ಸಾಕು. ಕತ್ತಲ ನೀರಿಗೆ ಅದರ ನೂರಾರು ಪಟ್ಟು ಬೇಕು. ಹಾಗಾದರೆ ನೀರಿನ ಮೇಲೆ ಇನ್ನೂ ಹಗಲು ಉಳಿದಿರುವಾಗಲೇ ಅವನು ಮೇಲಕ್ಕೆ ಬಂದಿರಬೇಕು. ಹುಣ್ಣಿಮೆಯ ದಿನ ಅದಕ್ಕೆ ಹತ್ತಿರವಾದ ಹೊತ್ತೆಂದರೆ ಅಜ್ಜಿಯ ದೀಪದ ಹೊತ್ತು.

"ಅಜ್ಜಿ, ಒಂದಿನ ದೀಪ ಅರ್ಧ ಗಂಟೆ ತಡ ಮಾಡುದ್ರೆ ಏನಾಯ್ತದೆ?"

"ನಿನ್ ಚಂದ್ರ ಅರ್ಧ ಗಂಟೆ ತಡ ಮಾಡ್ಕಂಡು ಹುಟ್ತಾನಾ ಕೇಳು. ಅವನು ಒಪ್ಪುದ್ರೆ ನಾನೂ ಒಪ್ತೀನಿ."

ನಾನು ಎರಡು ದಿನ ಅವಳ ಪಕ್ಕ ಚಾಪೆ ಹಾಸಲಿಲ್ಲ. ಅವಳು ಕರೆಯಲೂ ಇಲ್ಲ.

ಪ್ರೆಸ್ಸಿಗೆ ಕೊಡುವ ಮೊದಲಿನ ಕೊನೆಯ ಹುಣ್ಣಿಮೆ ಹತ್ತಿರ ಬಂತು. ಅದರ ಹಿಂದಿನ ದಿನ ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಅಜ್ಜಿ ಚಪ್ಪಲಿ ಮೆಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಕ್ಯಾಮೆರಾದ ಸ್ಟ್ಯಾಂಡಿತ್ತು.

"ನಾಳೆ ನಂಗಾಗಾಕಿಲ್ಲ. ಇವತ್ತೇ ಓಗನ ನಡಿ."

"ಇವತ್ತು ಚಂದ್ರ ಪೂರ್ತಿ ಇರಲ್ಲ ಅಜ್ಜಿ."

"ಒಂಚೂರು ಸೊಟ್ಟ ಇದ್ರೆ ಏನಾಯ್ತು? ನಿಮ್ಮಪ್ಪ ಹುಟ್ದಾಗ್ಲೂ ತಲೆ ಸೊಟ್ಟನೇ ಇತ್ತು."

ಅಪ್ಪ ಇನ್ನೊಂದು ಕ್ಯಾಮೆರಾ ಹಿಡಿದು ಸಂತೆಮರಹಳ್ಳಿಯ ಬೇರೊಂದು ಮದುವೆಗೆ ಹೋಗಿದ್ದರು. ಹಳೆಯ ಕ್ಯಾಮೆರಾದ ಕಿಂಡಿಯಲ್ಲಿ ಹನ್ನೊಂದು ಕಾಣುತ್ತಿತ್ತು. ಪೂರ್ತಿ ದುಂಡಗಿಲ್ಲದ ಚಂದ್ರನನ್ನು ತೆಗೆಯುವುದು ನನಗೆ ಸರಿಕಾಣಲಿಲ್ಲ, ಆದರೆ ಮನೆಯಲ್ಲಿ ಕೂತರೆ ಅದೂ ಇರುವುದಿಲ್ಲ. ಬಸ್ಸಿನಲ್ಲಿ ಅಜ್ಜಿ ಸ್ಟ್ಯಾಂಡನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಹತ್ತಿದವರಿಗೆಲ್ಲ ತಾಕಿಸಿದಳು.

ಏರಿಯ ಮೇಲೆ ನಿಂತಾಗ ನಮ್ಮ ಬೆನ್ನ ಹಿಂದೆ ಬೆಟ್ಟದ ಸಾಲಿನ ಮೇಲೆ ಸೂರ್ಯ ಇನ್ನೂ ಇದ್ದ. ಎದುರಿಗೆ, ಆಚೆ ದಡದ ಮರಗಳ ಮೇಲೆ, ಚಂದ್ರ ಆಗಲೇ ಬಂದಿದ್ದ. ಗೋಡೆಗೆ ತಾಕಿದ ಸುಣ್ಣದ ಬೆರಳಿನ ಗುರುತಿನಂತೆ ಬೆಳ್ಳಗೆ, ಯಾರಿಗೂ ಬೇಡವಾದವನಂತೆ. ಹುಣ್ಣಿಮೆಗೆ ಒಂದು ದಿನ ಮೊದಲು ಅವನು ಸೂರ್ಯ ಮುಳುಗುವ ಮುಂಚೆಯೇ ಹುಟ್ಟುತ್ತಾನೆ ಎನ್ನುವುದನ್ನು ನಾನು ಲೆಕ್ಕ ಹಾಕಿಯೇ ಇರಲಿಲ್ಲ. ಮೀಟರು ತೆಗೆದು ನೀರಿಗೆ ಹಿಡಿದೆ. ಮುಳ್ಳು ಹಿತ್ತಲಿನ ಕಲ್ಲಿನ ಅಳತೆಗಿಂತ ಸ್ವಲ್ಪವೇ ಕೆಳಗಿತ್ತು. ಚಂದ್ರ, ನೀರು ಎರಡೂ ಒಂದೇ ಅಳತೆಗೆ ಸಿಗುವಂತಿದ್ದವು; ಬೇಗ ಸ್ಟ್ಯಾಂಡು ಬಿಚ್ಚಿ ನಿಲ್ಲಿಸಿದೆ.

ಕೆರೆಯೊಳಗೆ ಎಮ್ಮೆಗಳಿದ್ದವು. ಅವು ಹೊರಳಿದಂತೆಲ್ಲ ನೀರಿನ ಚಂದ್ರ ಚೂರಾಗಿ ಹರಡುತ್ತಿದ್ದ. ಬೆಳಕು ಹೋಗಿಬಿಡುತ್ತದೆಂಬ ಹೆದರಿಕೆಯಲ್ಲಿ ಒಂದು ಫೋಟೊ ತೆಗೆದೇಬಿಟ್ಟೆ. ತೆಗೆದ ಮರುಗಳಿಗೆಯೇ ಅದು ಹಾಳೆಂದು ಗೊತ್ತಾಯಿತು. ಇನ್ನು ಉಳಿದದ್ದು ಒಂದೇ. ಎಮ್ಮೆ ಕಾಯುವವನು ಏರಿಯ ಮೇಲೆ ಕೂತು ನಮ್ಮನ್ನೇ ನೋಡುತ್ತಿದ್ದ.

"ಏನಜ್ಜಿ, ಕ್ಯಾಮೆರಾ ತಂದಿದ್ದೀರಿ? ನನ್ ಎಮ್ಮೆದೂ ಒಂದು ಫೋಟೊ ತೆಗ್ಸಿ. ಗಂಡು ನೋಡನ."

"ಮೊದ್ಲು ಅದ್ನ ನೀರಿಂದ ಏಳಿಸ್ಲಾ," ಎಂದಳು ಅಜ್ಜಿ. "ಒದ್ದೆ ಮೈಯಲ್ಲಿ ಯಾರ್ಲಾ ಹೆಣ್ಣು ತೋರುಸ್ತಾರೆ?"

ಅವನು ನಗುತ್ತ ಎದ್ದು ಎಮ್ಮೆಗಳನ್ನು ಹೊಡೆದುಕೊಂಡು ಹೋದ. ನೀರು ಅಷ್ಟಕ್ಕೇ ನಿಲ್ಲಲಿಲ್ಲ. ಅಲೆ ದಡಕ್ಕೆ ಬಡಿದು ತಿರುಗಿ ಬರುತ್ತಿತ್ತು. ಬೆನ್ನ ಹಿಂದೆ ಸೂರ್ಯ ಇಳಿದ. ಆಚೆ ದಡದ ಮರಗಳ ಮೇಲಿನ ಕೆಂಪು ತುದಿಯಿಂದ ತುದಿಗೆ ಆರುತ್ತ ಬಂತು. ಚಂದ್ರ ಬಿಳುಪು ಕಳೆದುಕೊಂಡು ಹಳದಿಗೆ ತಿರುಗುತ್ತಿದ್ದ. ದೂರದಲ್ಲಿ ಬಸ್ಸಿನ ಹಾರನ್ನು ಕೇಳಿಸಿತು.

"ತೆಗಿಯಮ್ಮಿ, ಬಸ್ಸು ಬತ್ತಾ ಅದೆ."

"ಇನ್ನೂ ಇಲ್ಲ."

"ಇದೇ ಕಡೇ ಬಸ್ಸು ಕಣೇ."

"ಹೋಗ್ಲಿ ಬುಡಿ ಅಜ್ಜಿ."

ನನ್ನ ಬಾಯಿಂದ ಅಂಥ ಮಾತು ಅವಳು ಕೇಳಿದ್ದು ಅದೇ ಮೊದಲಿರಬೇಕು. ನಾನು ಬಗ್ಗಿ ಗಾಜಿನಲ್ಲಿ ನೋಡುತ್ತಲೇ ಇದ್ದೆ. ಮೇಲೊಂದು ಕಾಳು ಬೆಳಕು, ಕೆಳಗೆ ಅದರ ನೇರಕ್ಕೆ ನಡುಗುವ ಇನ್ನೊಂದು. ಎಡಬಲ ತಿರುಗಿದ್ದರೂ ಮೇಲು ಕೆಳಗು ಸರಿಯಾಗಿಯೇ ಇತ್ತು. ಬಸ್ಸು ನಿಂತು, ಕಾದು, ಹೊರಟುಹೋಯಿತು. ಕೆಳಗಿನದರ ನಡುಕ ನಿಂತಿತು. ಮೀಟರು ಇನ್ನೊಮ್ಮೆ ನೋಡಿ, ಉಸಿರು ಬಿಗಿಹಿಡಿದು ಒತ್ತಿದೆ. ಆಮೇಲೆ ಒಂದು ಟೊಮೇಟೊ ಟೆಂಪೊದವನು ನಮ್ಮನ್ನು ಹತ್ತಿಸಿಕೊಂಡ. ಊರು ಮುಟ್ಟುವವರೆಗೂ ಅಜ್ಜಿ ಅವನಿಗೆ ತನ್ನ ಮೊಮ್ಮಗಳು ಬಸ್ಸು ಬಿಟ್ಟ ಕಥೆ ಹೇಳಿದಳು. ಅದು ದೂರೋ ಹೊಗಳಿಕೆಯೋ ತಿಳಿಯುವಂತಿರಲಿಲ್ಲ.

ಫಿಲಂ ತೊಳೆದದ್ದು ಅಪ್ಪ. ಬಚ್ಚಲಿಂದ ಹೊರಬಂದು ನೆಗೆಟಿವನ್ನು ಬೆಳಕಿಗೆ ಹಿಡಿದವರು ಬಹಳ ಹೊತ್ತು ಇಳಿಸಲಿಲ್ಲ. ದೊಡ್ಡ ಅಳತೆಯಲ್ಲಿ ಅಚ್ಚಿಳಿಸಿದರು. ಮರಗಳ ಕೊಂಬೆ ಕೊಂಬೆಯೂ ಕಾಣುತ್ತಿತ್ತು. ಚಂದ್ರನ ಮೈಮೇಲಿನ ಕಲೆ ಕೂಡ ಹುಡುಕಿದರೆ ಕಾಣುತ್ತಿತ್ತು. ನೇರ ಕೆಳಗೆ ನೀರಿನಲ್ಲಿ ಅವನು ಮತ್ತೊಮ್ಮೆ ಇದ್ದ. ಆದರೆ ಸಣ್ಣವನು, ತೀರ ಸಣ್ಣವನು. ಕಣ್ಣಿಗೆ ಅಷ್ಟು ದೊಡ್ಡದಾಗಿ ಕಾಣುವವನು ಫಿಲಮ್ಮಿನ ಮೇಲೆ ಸಾಸಿವೆಯಷ್ಟೂ ಇರುವುದಿಲ್ಲ ಎಂಬುದು ಎಲ್ಲಕ್ಕಿಂತ ಕೊನೆಗೆ ಗೊತ್ತಾದ ಕಷ್ಟ.

ನಂಜಪ್ಪ ಸೌಕಾರರು ಸ್ಟುಡಿಯೊಕ್ಕೆ ಬಂದು ಫೋಟೊವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ನಾನು ಪರದೆಯ ಈಚೆಗೆ ನಿಂತಿದ್ದೆ.

"ಚಂದ್ರ ಎಲ್ಲವ್ನೆ?"

ಅಪ್ಪ ತೋರಿಸಿರಬೇಕು.

"ಇದಾ? ಕೊತ್ತಂಬ್ರಿ ಬೀಜದಂಗವ್ನಲ್ಲಪ್ಪ! ನಿನ್ ಪರದೆ ಮೇಲವ್ನಲ್ಲ, ಅಂಗಿರ್ಬೇಕು. ಬಾಗ್ಲಲ್ಲಿ ನಿಂತ್ರೆ ಕಾಣ್ಬೇಕು."

ಭರಣಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಪರದೆಯ ಅಂಚು ಸರಿಸಿ ನೋಡಿದೆ. ಅಪ್ಪ ಒಂದು ಬಿಲ್ಲೆಯನ್ನು ನನ್ನ ಚಂದ್ರನ ಮೇಲೆ ಇಟ್ಟರು. ತೆಗೆದರು. ಸಣ್ಣದೊಂದನ್ನು ಇಟ್ಟರು. ಅದನ್ನೂ ತೆಗೆದರು.

"ಮೇಲಿಂದು ದೊಡ್ದು ಮಾಡುದ್ರೆ ನೀರಿಂದೂ ದೊಡ್ದು ಮಾಡ್ಬೇಕು ಸೌಕಾರ್ರೆ. ಎರಡೂ ದೊಡ್ದಾದ್ರೆ ಮರ ಚಿಕ್ಕದಾಯ್ತವೆ. ಮರ ದೊಡ್ದು ಮಾಡುದ್ರೆ ಕೆರೆ ಸಾಲಾಕಿಲ್ಲ."

"ಅಂಗಾರೆ?"

"ಅಂಗಾರೆ ಏನಿಲ್ಲ. ಅವನು ಇರೋದೇ ಅಷ್ಟು."

"ಅವನಿರ್ಲಿ ಬುಡು. ಜನಕ್ಕೆ ಕಾಣ್ಬೇಕಲ್ಲ? ಹೋದ್ವರ್ಸದ್ದೇ ಹಾಕ್ಬುಡು."

ಅಪ್ಪ ಹೂಂ ಎಂದರು. ಕರಾರಿನ ಎರಡು ಮಾತಿನಲ್ಲಿ ಒಂದು ಈಡೇರಿತ್ತು, ಇನ್ನೊಂದು ಇಲ್ಲ. ಸಂಜೆ ಕ್ಯಾಮೆರಾವನ್ನು ಒರೆಸಿ, ಬಟ್ಟೆಯಲ್ಲಿ ಸುತ್ತಿ, ನಾನೇ ಬೀರುವಿನಲ್ಲಿಟ್ಟು ಬೀಗ ಹಾಕಿ ಕೀಲಿಕೈಯನ್ನು ಅವ್ವನಿಗೆ ಕೊಟ್ಟೆ. ಅಪ್ಪ ಇಳಿಸಿದ್ದ ದೊಡ್ಡ ಅಚ್ಚು ಮಾತ್ರ ಹಿತ್ತಲ ತಂತಿಯ ಮೇಲೆ ಎಷ್ಟೋ ದಿನ ಇತ್ತು. ಅವ್ವ ಅದಕ್ಕೆ ಜಾಗ ಬಿಟ್ಟು ಸೀರೆ ಒಣಹಾಕುತ್ತಿದ್ದಳು.

ಹೊಸ ವರ್ಷದ ಕ್ಯಾಲೆಂಡರ್ ಬಂತು. ಅದೇ ನೀಲಿ, ಅದೇ ಮಧ್ಯಾಹ್ನದ ಕೆರೆ, ಅದೇ ಬಿಲ್ಲೆ. ಅಪ್ಪ ಅದನ್ನು ಅಡುಗೆಮನೆಯ ಹಳೆಯ ಮೊಳೆಗೇ ತಗುಲಿಹಾಕಿದರು. ನಾನು ಎರಡು ದಿನ ಅತ್ತ ನೋಡದೆ ಉಂಡೆ. ಮೂರನೆಯ ದಿನ ಅಜ್ಜಿ ಹುಣ್ಣಿಮೆ ಯಾವತ್ತು ಬಂತು ನೋಡು ಎಂದಾಗ ಎದ್ದು ಹೋಗಿ ಹಾಳೆ ತಿರುವಿದೆ. ಫೋಟೊ ತಿದ್ದಲು ಅಪ್ಪ ಬಳಸುವ ಕೆಂಪು ಪೆನ್ಸಿಲಿನಲ್ಲಿ ಪ್ರತಿ ತಿಂಗಳಲ್ಲೂ ಒಂದೊಂದು ತಾರೀಖಿಗೆ ಸುತ್ತು ಹಾಕಿತ್ತು. ಹುಣ್ಣಿಮೆಗಳಿಗಲ್ಲ, ಅವುಗಳ ಹಿಂದಿನ ದಿನಗಳಿಗೆ. ಬೀರುವಿನ ಕೀಲಿಕೈ ಅದೇ ಮೊಳೆಯಲ್ಲಿ, ಕ್ಯಾಲೆಂಡರಿನ ದಾರದ ಮೇಲೆ ತೂಗುತ್ತಿತ್ತು. ಅವ್ವ ಒಲೆಯ ಕಡೆ ಮುಖಮಾಡಿ ಸಾರು ಕುದಿ ಬಂದಿದೆಯೇ ಎಂದು ಬೇಕೆಂದೇ ನೋಡುತ್ತಿದ್ದಳು.

ಬೀರು ತೆರೆದು ಬಟ್ಟೆ ಬಿಚ್ಚಿ ಕ್ಯಾಮೆರಾವನ್ನು ಹಿಂದುಮುಂದು ತಿರುಗಿಸಿದೆ. ಯಾರೋ ಆಗಲೇ ಹೊಸ ರೋಲು ಹಾಕಿಟ್ಟಿದ್ದರು. ಕೆಂಪು ಕಿಂಡಿಯಲ್ಲಿ ಕಾಣುತ್ತಿದ್ದ ಅಂಕೆ ಒಂದು.